77 ಎಂಬ ಅಂಕಿ ಮತ್ತು ನಮ್ಮೂರಿನ ತೂಬು

ಪರದೆಯ ಮೇಲೆ ಎರಡು ಕಂಬಗಳ ಚಿತ್ರವಿತ್ತು. ನೀಲಿ ಕಂಬದ ಮೇಲೆ ‘ಜಪಾನ್ 54’, ಕಿತ್ತಳೆ ಕಂಬದ ಮೇಲೆ ‘ಭಾರತ 77’. ತಲೆಬರಹ ‘ಅಧಿಕಾರದ ಅಂತರ’. ಕೋಲಾರದ ಹತ್ತಿರ, ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ತರಬೇತಿ ವಿಭಾಗಕ್ಕೆ ನಾನು ಸೇರಿ ಆಗ ನಾಲ್ಕು ತಿಂಗಳಾಗಿತ್ತು. ಜಪಾನಿನಿಂದ ಹೊಸದಾಗಿ ಬಂದ ಇಂಜಿನಿಯರುಗಳಿಗೆ ಭಾರತವನ್ನು ಪರಿಚಯಿಸುವ ಒಂದು ದಿನದ ತರಗತಿ ಅದು. ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ವಿವರಿಸಿದರು: ಭಾರತೀಯರು ಮೇಲಿನವರಿಗೆ ಎದುರಾಡುವುದಿಲ್ಲ, ತಪ್ಪು ಕಣ್ಣಿಗೆ ಬಿದ್ದರೂ ಬಾಯಿ ಬಿಡುವುದಿಲ್ಲ, ಅದು ಅವರ ಸಂಸ್ಕೃತಿ, ನೀವು ಬೇಸರ ಮಾಡಿಕೊಳ್ಳಬಾರದು. ಇಂಜಿನಿಯರುಗಳು ತಲೆಯಾಡಿಸಿ ಬರೆದುಕೊಂಡರು. ಹಿಂದಿನ ಸಾಲಿನಲ್ಲಿ ನಾವು ಮೂವರು ಭಾರತೀಯರು ಕುಳಿತಿದ್ದೆವು. ಮೂವರಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ. ನಮ್ಮ ಮೌನವೇ ಆ ಮಾತಿಗೆ ಸಾಕ್ಷಿಯಾಗಿಬಿಟ್ಟಿತು ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಾನು ಸುಮ್ಮನಿದ್ದದ್ದು ಸಂಸ್ಕೃತಿಯಿಂದಲ್ಲ. ನನ್ನ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ.

ಆ ಸಂಜೆಯಿಂದ ಈ ಅಂಕಿಯ ಬೆನ್ನು ಹತ್ತಿದೆ. 77 ಎಲ್ಲಿಂದ ಬಂತು, ಯಾರನ್ನು ಕೇಳಿ ಬರೆದರು, ಏನು ಕೇಳಿದರು ಎಂದು ಸಿಕ್ಕಿದ್ದನ್ನೆಲ್ಲ ಓದಿದೆ. ಹನ್ನೆರಡು ವರ್ಷಗಳಾದರೂ ಆ ಓದು ನಿಂತಿಲ್ಲ.

ಇದರ ಮೂಲಪುರುಷ ಗೇರ್ಟ್ ಹಾಫ್‌ಸ್ಟೆಡ್. ನೆದರ್‌ಲ್ಯಾಂಡ್ಸಿನವರು, 1928ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡರು. ಮೊದಲು ಓದಿದ್ದು ಇಂಜಿನಿಯರಿಂಗ್, ಆಮೇಲೆ ಸಾಮಾಜಿಕ ಮನಶ್ಶಾಸ್ತ್ರ. ಐಬಿಎಂ ಕಂಪನಿಯ ಯುರೋಪ್ ವಿಭಾಗದಲ್ಲಿ ನೌಕರರ ಅಭಿಪ್ರಾಯ ಸಮೀಕ್ಷೆಯ ಕೆಲಸವನ್ನು ಕಟ್ಟಿ ನಿಲ್ಲಿಸಿದವರು ಅವರು. 1968ರ ಸುಮಾರಿಗೆ ಒಂದು ಸುತ್ತು, 1972ರ ಸುಮಾರಿಗೆ ಇನ್ನೊಂದು ಸುತ್ತು. ಬೇರೆ ಬೇರೆ ದೇಶಗಳಲ್ಲಿದ್ದ ಆ ಕಂಪನಿಯ ನೌಕರರಿಂದ 1,16,000ಕ್ಕೂ ಹೆಚ್ಚು ಪ್ರಶ್ನಾವಳಿಗಳು ತುಂಬಿ ಬಂದವು. ಒಂದೇ ಕಂಪನಿ, ಒಂದೇ ಬಗೆಯ ಕೆಲಸ. ಹಾಗಿದ್ದರೂ ಉತ್ತರಗಳಲ್ಲಿ ವ್ಯತ್ಯಾಸ ಉಳಿದರೆ ಅದು ದೇಶದಿಂದಲೇ ಬಂದಿರಬೇಕು ಎಂಬುದು ಅವರ ತರ್ಕ. 1980ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ 40 ದೇಶಗಳಿಗೆ ನಾಲ್ಕು ಆಯಾಮಗಳಲ್ಲಿ ಅಂಕ ಬಿದ್ದಿತ್ತು: ಅಧಿಕಾರದ ಅಂತರ, ವ್ಯಕ್ತಿನಿಷ್ಠೆ, ಅನಿಶ್ಚಿತತೆಯ ಬಗೆಗಿನ ಅಳುಕು, ಪುರುಷಗುಣ. ಮುಂದೆ ಇನ್ನೆರಡು ಸೇರಿದವು, ದೇಶಗಳ ಪಟ್ಟಿಯೂ ಬೆಳೆಯಿತು.

ಅವರ ಮೇಲೆ ನನಗೆ ಗೌರವವಿದೆ. ಅಮೆರಿಕದಲ್ಲಿ ಹುಟ್ಟಿದ ಆಡಳಿತ ಸಿದ್ಧಾಂತಗಳನ್ನು ಜಗತ್ತೆಲ್ಲಕ್ಕೂ ಒಂದೇ ಅಳತೆಯ ಅಂಗಿಯಂತೆ ತೊಡಿಸುತ್ತಿದ್ದ ಕಾಲ ಅದು. ಅಲ್ಲಿನದು ಬೇರೆ ಕಡೆ ನಡೆಯುತ್ತದೆ ಎಂಬ ಖಾತರಿ ಏನು ಎಂದು ಅವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನನ್ನ ತಕರಾರು ಆ ಪ್ರಶ್ನೆಗೆ ಸಿಕ್ಕ ಉತ್ತರವನ್ನು ನಾವು ಬಳಸುತ್ತಿರುವ ರೀತಿಯ ಬಗ್ಗೆ, ಮತ್ತು ಆ ಉತ್ತರಕ್ಕೆ ‘ರಾಷ್ಟ್ರದ ಸಂಸ್ಕೃತಿ’ ಎಂಬಷ್ಟು ದೊಡ್ಡ ಹೆಸರು ಇಟ್ಟದ್ದರ ಬಗ್ಗೆ.

ಭಾರತದ 77 ಬಂದದ್ದು ಐಬಿಎಂನ ಭಾರತೀಯ ನೌಕರರಿಂದ. ನಮ್ಮ ರಾಜ್ಯದ ಹೆಸರು ಆಗ ಇನ್ನೂ ಮೈಸೂರು; ಕರ್ನಾಟಕವಾದದ್ದು 1973ರ ನವೆಂಬರಿನಲ್ಲಿ. ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಹಿಡಿಯುವಷ್ಟು ಓದಿದವರು ಆಗ ಎಷ್ಟು ಜನ? ಆ ಕಂಪನಿಯೂ 1978ರಲ್ಲಿ ಭಾರತ ಬಿಟ್ಟು ಹೋಯಿತು, ಮರಳಿದ್ದು 1990ರ ದಶಕದಲ್ಲಿ. ಶ್ರೀನಿವಾಸಪುರದ ಹೋಬಳಿಯೊಂದರಲ್ಲಿ ರಾಗಿ ಬಿತ್ತುತ್ತಿದ್ದ ನಮ್ಮ ತಾತನನ್ನು ಅಂದು ಯಾರೂ ಏನೂ ಕೇಳಲಿಲ್ಲ. ಆದರೂ ಆ ಅಂಕಿಯೊಳಗೆ ಅವರೂ ಇದ್ದಾರೆ ಎಂದೇ ತರಗತಿಯಲ್ಲಿ ಹೇಳಿದರು.

ಕೇಳಿದ್ದಾದರೂ ಏನನ್ನು? ಅಧಿಕಾರದ ಅಂತರದ ಅಂಕ ನಿಂತಿರುವುದು ಮೂರು ಪ್ರಶ್ನೆಗಳ ಮೇಲೆ. ಮೇಲಧಿಕಾರಿಗೆ ಭಿನ್ನಾಭಿಪ್ರಾಯ ತಿಳಿಸಲು ನೌಕರರು ಎಷ್ಟು ಸಲ ಹೆದರುತ್ತಾರೆ; ನಿಮ್ಮ ಈಗಿನ ಅಧಿಕಾರಿ ಯಾವ ಬಗೆಯಲ್ಲಿ ನಿರ್ಧಾರ ಮಾಡುತ್ತಾರೆ; ಎಂಥ ಅಧಿಕಾರಿ ನಿಮಗೆ ಇಷ್ಟ. ವ್ಯಕ್ತಿನಿಷ್ಠೆಯ ಲೆಕ್ಕವನ್ನು ಓದಿದಾಗ ನನಗೆ ಇನ್ನಷ್ಟು ಅಚ್ಚರಿಯಾಯಿತು. ಸ್ವಂತಕ್ಕೆ ಸಮಯ ಉಳಿಯುವ ಕೆಲಸ, ಸ್ವಾತಂತ್ರ್ಯವಿರುವ ಕೆಲಸ, ಸವಾಲಿನ ಕೆಲಸ ಮುಖ್ಯ ಎಂದವರ ಉತ್ತರ ವ್ಯಕ್ತಿನಿಷ್ಠೆಯ ಕಡೆಗೆ. ತರಬೇತಿ ಸಿಗಬೇಕು, ಕೆಲಸದ ಜಾಗದಲ್ಲಿ ಗಾಳಿ ಬೆಳಕು ಚೆನ್ನಾಗಿರಬೇಕು, ಕಲಿತ ವಿದ್ಯೆ ಪೂರ್ತಿ ಬಳಕೆಯಾಗಬೇಕು ಎಂದವರ ಉತ್ತರ ಸಮುದಾಯನಿಷ್ಠೆಯ ಕಡೆಗೆ. ಅಂದರೆ ನಮ್ಮ ಪ್ರೆಸ್ ಶಾಪಿನಲ್ಲಿ ಸೆಖೆಗೆ ಬೆವರುತ್ತ ನಿಂತ ಹುಡುಗ ಒಂದು ಫ್ಯಾನು ಬೇಕು ಎಂದರೆ ಅವನು ಸಮುದಾಯಜೀವಿ! ಬಡದೇಶದ ನೌಕರ ಫ್ಯಾನು ಕೇಳುತ್ತಾನೆ, ಫ್ಯಾನು ಆಗಲೇ ತಿರುಗುತ್ತಿರುವ ದೇಶದವನು ಬಿಡುವು ಕೇಳುತ್ತಾನೆ. ಇದರಲ್ಲಿ ಸಂಸ್ಕೃತಿಯ ಪಾಲೆಷ್ಟು, ಸಂಬಳ ಸವಲತ್ತಿನ ಪಾಲೆಷ್ಟು? ಅಂದಹಾಗೆ ಈ ಲೆಕ್ಕದಲ್ಲಿ ಅಮೆರಿಕಕ್ಕೆ 91, ಭಾರತಕ್ಕೆ 48, ಜಪಾನಿಗೆ 46. ಆ ತರಗತಿಯಲ್ಲಿ ಈ ಕಂಬಗಳನ್ನು ತೋರಿಸಲಿಲ್ಲ. ಭಾರತೀಯರು ಜಪಾನೀಯರಿಗಿಂತ ಒಂದು ಕೂದಲೆಳೆ ಹೆಚ್ಚು ವ್ಯಕ್ತಿನಿಷ್ಠರು ಎಂದು ಹೇಳಬೇಕಾಗುತ್ತಿತ್ತು.

2002ರಲ್ಲಿ ಬ್ರೆಂಡನ್ ಮ್ಯಾಕ್‌ಸ್ವೀನಿ ಎಂಬ ವಿದ್ವಾಂಸರು ಈ ಸಿದ್ಧಾಂತದ ತಳಪಾಯವನ್ನೇ ಅಗೆದು ನೋಡಿದರು. ಲಕ್ಷ ದಾಟಿದ ಒಟ್ಟು ಸಂಖ್ಯೆ ಭಾರಿಯಾಗಿ ಕಾಣುತ್ತದೆ. ದೇಶವಾರು ಬಿಡಿಸಿದರೆ ಎರಡೂ ಸುತ್ತುಗಳಲ್ಲಿ ಸಾವಿರಕ್ಕಿಂತ ಹೆಚ್ಚು ಜನ ಉತ್ತರಿಸಿದ ದೇಶಗಳು ಆರೇ ಆರು. ಪಾಕಿಸ್ತಾನದಲ್ಲಿ ಮೊದಲ ಸುತ್ತಿಗೆ 37 ಜನ, ಎರಡನೆಯದಕ್ಕೆ 70 ಜನ. ಇದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಎಚ್ಚರವಿದ್ದೆ. ಆ ಎರಡು ಸುತ್ತುಗಳ ನಡುವೆ, 1971ರ ಡಿಸೆಂಬರಿನಲ್ಲಿ, ಆ ದೇಶ ಒಡೆದು ಬಾಂಗ್ಲಾದೇಶ ಹುಟ್ಟಿತ್ತು. ಉರ್ದು, ಬಂಗಾಳಿ, ಪಂಜಾಬಿ, ಸಿಂಧಿ, ಪಶ್ತೋ ಆಡುವ ಜನರನ್ನು ಒಂದೇ ಅಂಕಿಯಲ್ಲಿ ಕಟ್ಟಿಡುವ ಹೊತ್ತಿಗೆ ಆ ದೇಶವೇ ಒಂದಾಗಿ ಉಳಿದಿರಲಿಲ್ಲ. ರಾಷ್ಟ್ರವೆಂದರೆ ಗಡಿ, ಪಾಸ್‌ಪೋರ್ಟ್, ತೆರಿಗೆ. ಸಂಸ್ಕೃತಿಗೆ ಅದೇ ಗಡಿಯೇ ಬೇಲಿ ಎಂದು ಮೊದಲೇ ಒಪ್ಪಿಕೊಂಡು ಅಳೆಯಲು ಹೊರಟರೆ, ಅಳತೆಯ ಕೊನೆಗೆ ಸಿಗುವುದು ಆ ಬೇಲಿಯೇ. ಮುಂದೆ 2016ರಲ್ಲಿ ವಾಸ್ ತಾರಾಸ್ ಮತ್ತು ಸಂಗಡಿಗರು ನೂರಾರು ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೌಲ್ಯಗಳಲ್ಲಿನ ವ್ಯತ್ಯಾಸದಲ್ಲಿ ಶೇಕಡಾ 80ರಷ್ಟು ದೇಶಗಳ ನಡುವೆ ಇರಲೇ ಇಲ್ಲ, ದೇಶಗಳ ಒಳಗೇ ಇತ್ತು.

ಶೇಕಡಾ 80! ಕೋಲಾರದವರಿಗೆ ಇದನ್ನು ಯಾರೂ ಪುಸ್ತಕ ತೆರೆದು ಹೇಳಬೇಕಾಗಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡರ ಜೊತೆಗೆ ಉರ್ದು. ಕೆಜಿಎಫ್‌ಗೆ ಹೋದರೆ ತಮಿಳು. ನೂರಿಪ್ಪತ್ತು ವರ್ಷ ಗಣಿಯ ಸೈರನ್ನಿನ ಪ್ರಕಾರ ಎದ್ದು ಮಲಗಿದ ಆ ಊರಿನವರ ನಡೆಗೂ ಮಳೆಯ ಲೆಕ್ಕದಲ್ಲಿ ಬದುಕಿದ ಮುಳಬಾಗಿಲಿನ ಹಳ್ಳಿಗರ ನಡೆಗೂ ಇರುವ ದೂರವನ್ನು ಬಸ್ಸಿನಲ್ಲಿ ಒಂದು ತಾಸಿನಲ್ಲಿ ದಾಟಬಹುದು.

ಈಗ ತೂಬಿನ ವಿಷಯ.

ನಮ್ಮೂರಿನ ಕೆರೆಯಲ್ಲಿ ನೀರಿದ್ದ ಕಾಲವನ್ನು ಕಂಡ ಕೊನೆಯ ಮಕ್ಕಳು ನಾವು. ಕೆರೆಯ ಕೆಳಗೆ ಅಚ್ಚುಕಟ್ಟು, ಅಲ್ಲಿ ನಮ್ಮ ತಾತನದು ಒಂದೂವರೆ ಎಕರೆ ಗದ್ದೆ. ಗದ್ದೆಗೆ ನೀರು ಬಿಡುವ ಹಕ್ಕು ತಾತನದಲ್ಲ, ಪಟೇಲರದೂ ಅಲ್ಲ, ನೀರುಗಂಟಿಯದು. ಆತ ದಲಿತ ಕೇರಿಯವರು. ತೂಬಿನ ಬಿರಡೆ ಎಷ್ಟು ಎತ್ತಬೇಕು, ಯಾವ ಕಾಲುವೆಗೆ ಎಷ್ಟು ಹೊತ್ತು, ಕೆರೆ ಅರ್ಧ ತುಂಬಿದ ವರ್ಷ ಯಾರು ಎಷ್ಟು ನೆಲಕ್ಕೆ ನಾಟಿ ಮಾಡಬೇಕು, ಇವೆಲ್ಲ ಅವರ ತಲೆಯೊಳಗಿನ ಲೆಕ್ಕ. ಹೆಗಲ ಮೇಲೆ ಸನಿಕೆ, ಮೊಳಕಾಲಿನವರೆಗೆ ಒಣಗಿದ ಕೆಸರು, ಮಾತು ಕಡಿಮೆ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳನ್ನು ಅಳೆಸಿಕೊಂಡು ಹೋಗುತ್ತಿದ್ದರು.

ಒಂದು ವರ್ಷ ಮಳೆ ಕೈಕೊಟ್ಟಿತ್ತು. ಪೈರು ಬಾಡುವುದನ್ನು ನೋಡಲಾಗದೆ ತಾತ ಒಂದು ರಾತ್ರಿ ಹೋಗಿ ಕಾಲುವೆಯ ಮಡೆ ಕಡಿದು ನಮ್ಮ ಗದ್ದೆಗೆ ನೀರು ತಿರುಗಿಸಿಕೊಂಡು ಬಂದರು. ಬೆಳಿಗ್ಗೆ ನಾನು ತಾತನ ಜೊತೆಗೇ ಹೋಗಿದ್ದೆ. ನೀರುಗಂಟಿ ಮಡೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಹಸಿ ಮಣ್ಣನ್ನು ಎರಡೂ ಅಂಗೈಯಿಂದ ತಟ್ಟಿ ತಟ್ಟಿ ಮುಚ್ಚುತ್ತಿದ್ದರು. ತಲೆ ಎತ್ತದೆ ಹೇಳಿದರು: “ಈ ಸಲದ ನಿಮ್ಮ ಸರದಿ ಮುಗಿಯಿತು ಗೌಡರೇ.” ಅಷ್ಟೇ. ತಾತ ಮರುಮಾತಾಡಲಿಲ್ಲ. ಊರಿನ ಪಂಚಾಯಿತಿಯಲ್ಲಿ ಗುಡುಗುತ್ತಿದ್ದ ಮನುಷ್ಯ ಮನೆಯವರೆಗೂ ನೆಲ ನೋಡಿಕೊಂಡು ನಡೆದರು.

ಅದೇ ನೀರುಗಂಟಿ ನಮ್ಮ ಮನೆಗೆ ಬಂದರೆ ಜಗುಲಿಯ ಕೆಳಗೆ ನಿಲ್ಲಬೇಕಿತ್ತು. ಅವರಿಗೆ ಬೇರೆ ಲೋಟ; ಅದನ್ನು ಅವರೇ ತೊಳೆದು ಗೋಡೆಯ ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಿದ್ದರು. ತೂಬಿನ ಬಳಿಯ ಅವರ ಅಧಿಕಾರವನ್ನು ನಾನು ಸಮಾನತೆ ಎಂದು ಕರೆಯಲಾರೆ. ಆ ಲೋಟದ ನೆನಪು ಬಂದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಆದರೆ ಜಗುಲಿಯಿಂದ ತೂಬಿಗೆ ನಡೆದರೆ ಹತ್ತು ನಿಮಿಷ, ಆ ಹತ್ತು ನಿಮಿಷದಲ್ಲಿ ಅದೇ ಇಬ್ಬರ ನಡುವಿನ ಮೇಲು ಕೆಳಗು ತಿರುಗಿ ನಿಲ್ಲುತ್ತಿತ್ತು. ನಮ್ಮೂರಿನ ಅಧಿಕಾರದ ಅಂತರ ಎಷ್ಟು ಎಂದು ಯಾರಾದರೂ ಅಳೆಯಲು ಬಂದಿದ್ದರೆ ಎಲ್ಲಿ ನಿಂತು ಅಳೆಯುತ್ತಿದ್ದರು? ಸರಾಸರಿ ತೆಗೆದರೆ ಲೋಟದ ಕ್ರೌರ್ಯವೂ ಮಸುಕಾಗುತ್ತದೆ, ತೂಬಿನ ನ್ಯಾಯವೂ ಮಸುಕಾಗುತ್ತದೆ.

ಬೆಳೆಗೂ ಸ್ವಭಾವಕ್ಕೂ ನಂಟು ಹಾಕುವ ವಾದವೊಂದಿದೆ. 2014ರಲ್ಲಿ ಥಾಮಸ್ ಟಾಲ್‌ಹೆಲ್ಮ್ ಮತ್ತು ಅವರ ತಂಡ ಚೀನಾದ ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಭತ್ತ ಬೆಳೆಯುವ ಸೀಮೆಯವರು ಒಬ್ಬರ ಮೇಲೊಬ್ಬರು ಆತುಕೊಂಡು ಯೋಚಿಸುತ್ತಾರೆ, ಗೋಧಿ ಬೆಳೆಯುವ ಸೀಮೆಯವರು ಒಂಟಿಯಾಗಿ ಯೋಚಿಸುತ್ತಾರೆ ಎಂದರು. ಒಂದೇ ದೇಶದೊಳಗೆ ಹುಡುಕಿದ್ದಾರಲ್ಲ ಎಂಬುದು ನನಗೆ ಹಿಡಿಸಿತು. ಆದರೆ ನಮ್ಮ ತಾತನಿಗೆ ಕೆರೆಯ ಕೆಳಗೆ ಭತ್ತದ ಗದ್ದೆ, ದಿನ್ನೆಯ ಮೇಲೆ ರಾಗಿ ಹೊಲ. ಬೆಳಿಗ್ಗೆ ನೀರಿಗಾಗಿ ಊರಿಗೆಲ್ಲ ಕಟ್ಟುಬಿದ್ದವರು, ಮಧ್ಯಾಹ್ನ ಹೊಲದಲ್ಲಿ ತಮ್ಮಷ್ಟಕ್ಕೆ ತಾವು ಯಜಮಾನರು.

ಅನಿಶ್ಚಿತತೆಯ ಅಂಕಕ್ಕೆ ಬಂದರೆ ಭಾರತಕ್ಕೆ 40, ಜಪಾನಿಗೆ 92. ಭಾರತೀಯರು ಹೇಗಾದರೂ ಆಗಲಿ ಎಂದು ಹೊಂದಿಕೊಂಡು ಹೋಗುವವರು ಎಂಬ ವಿವರಣೆ ಇದರ ಬೆನ್ನಿಗೇ ಬರುತ್ತದೆ. ನಮ್ಮ ಅಪ್ಪ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡದೆ ಬಿತ್ತಿದವರಲ್ಲ: ಅವರೆ, ತೊಗರಿ, ಅಂಚಿನಲ್ಲಿ ಸಾಸಿವೆ, ಹುಚ್ಚೆಳ್ಳು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ಎಚ್ಚರ. ತಾತನ ಕಾಲದಲ್ಲಿ ಹಗೇವಿನಲ್ಲಿ ಎರಡು ವರ್ಷಕ್ಕೆ ಆಗುವ ರಾಗಿ ಇರುತ್ತಿತ್ತು. ಇದಕ್ಕಿಂತ ಹುಷಾರಿನ ಜನ ಯಾವ ದೇಶದಲ್ಲಿದ್ದಾರೆ? ಅದೇ ಅಪ್ಪ ಪಕ್ಕದ ಎರಡು ಎಕರೆಗೆ ಸಾಲ ತಂದು ಸಾವಿರದ ಇನ್ನೂರು ಅಡಿ ಬೋರ್‌ವೆಲ್ ಕೊರೆಸಿ ಟೊಮೆಟೊ ಹಾಕುತ್ತಿದ್ದರು. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಎಂದರೆ ಏನೆಂದು ಈ ಕಡೆಯವರಿಗೆ ಗೊತ್ತು. 2023ರ ಜುಲೈನಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿತು. ಬೆಲೆ ಬಿದ್ದ ವರ್ಷ ಕೀಳುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದದ್ದೂ ಉಂಟು. ಹರಾಜು ಕೂಗುವವನ ಬಾಯಿಯನ್ನೇ ನೋಡುತ್ತ ಅಪ್ಪ ಹೆಗಲ ಟವೆಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ರಾಗಿಯ ಅಪ್ಪನೂ ಟೊಮೆಟೊದ ಅಪ್ಪನೂ ಒಬ್ಬರೇ. ರಾಗಿ ಮನೆ ಕಾಯುತ್ತದೆ ಎಂಬ ಧೈರ್ಯದಲ್ಲೇ ಅವರು ಟೊಮೆಟೊಗೆ ಇಳಿಯುತ್ತಿದ್ದದ್ದು. ಇವೆರಡೂ ಒಂದನ್ನೊಂದು ಆತು ನಿಂತಿರುವುದನ್ನು ಸೊನ್ನೆಯಿಂದ ನೂರರವರೆಗಿನ ಒಂದು ಗೆರೆ ಹೇಗೆ ಹೇಳೀತು?

ಇಷ್ಟಾದರೂ ಇದೆಲ್ಲ ಬರಿಯ ಪಂಡಿತರ ಜಗಳವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಒಂದು ಹಗ್ಗವಿದೆ.

ಜೋಡಣೆಯ ಸಾಲಿನುದ್ದಕ್ಕೂ ಕೈಗೆಟಕುವ ಎತ್ತರದಲ್ಲಿ ಹಳದಿ ಹಗ್ಗ ಹಾದುಹೋಗುತ್ತದೆ. ದೋಷ ಕಂಡ ಯಾವ ಕೆಲಸಗಾರನೇ ಆಗಲಿ ಅದನ್ನು ಎಳೆಯಬಹುದು, ಎಳೆಯಬೇಕು. ಎಳೆದರೆ ಲೈನ್ ನಿಲ್ಲುತ್ತದೆ. ಜಪಾನಿನ ಉತ್ಪಾದನಾ ಪದ್ಧತಿಯ ಜೀವಾಳವೇ ಅದು. ನಮ್ಮಲ್ಲಿ ಅದನ್ನು ಎಳೆಯುವವರೇ ಇರಲಿಲ್ಲ. ಕೊನೆಯ ತಪಾಸಣೆಯಲ್ಲಿ ದೋಷಗಳು ರಾಶಿ ಬೀಳುತ್ತಿದ್ದವು. ಸಭೆಯಲ್ಲಿ ಒಬ್ಬ ಹಿರಿಯ ಅಧಿಕಾರಿ, “ಸಂಸ್ಕೃತಿಯ ಪ್ರಶ್ನೆ, ಒಂದು ಪೀಳಿಗೆ ಬೇಕು” ಎಂದರು. 77 ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ತಲೆಯಲ್ಲೂ ಆ ಕಿತ್ತಳೆ ಕಂಬವಿತ್ತು.

ಟೀ ಬಿಡುವಿನಲ್ಲಿ ಬಂಗಾರಪೇಟೆ ಕಡೆಯ ಹುಡುಗನೊಬ್ಬನನ್ನು ಕೇಳಿದೆ. “ಏನಪ್ಪಾ, ಬೋಲ್ಟ್ ಸಡಿಲ ಇರುವುದು ನಿನಗೆ ಕಾಣುವುದಿಲ್ಲವೇ?” ಅವನು ಕೊರಳ ಪಟ್ಟಿಯನ್ನು ಎತ್ತಿ ತೋರಿಸಿದ. ಖಾಯಂ ನೌಕರರದು ನೀಲಿ ಪಟ್ಟಿ, ಗುತ್ತಿಗೆಯವರದು ಬೂದು. ಅವನದು ಬೂದು. “ಕಾಣುತ್ತದೆ ಮೇಡಂ. ಹಗ್ಗ ಎಳೆದರೆ ಲೈನ್ ನಿಂತ ನಿಮಿಷಗಳ ಮುಂದೆ ನನ್ನ ನಂಬರು ಬರೆಯುತ್ತಾರೆ. ತಿಂಗಳ ಕೊನೆಗೆ ಆ ಪುಸ್ತಕವನ್ನು ಗುತ್ತಿಗೆದಾರರು ನೋಡುತ್ತಾರೆ.” ಇನ್ನೂ ಏನೋ ಹೇಳುವವನಿದ್ದ; ಗಂಟೆ ಹೊಡೆಯಿತು, ಲೋಟ ಇಟ್ಟು ಓಡಿದ.

ಆ ಪುಸ್ತಕವನ್ನು ನಾನು ತರಿಸಿಕೊಂಡು ನೋಡಿದೆ. ಹಗ್ಗ ಎಳೆದವರು ಇದ್ದರು, ಬೆರಳೆಣಿಕೆಯಷ್ಟು. ಎಲ್ಲರೂ ನೀಲಿ ಪಟ್ಟಿಯವರೇ. ಅದೇ ಜಿಲ್ಲೆ, ಅದೇ ಮನೆಮಾತು, ಕೆಲವರು ಒಂದೇ ಮನೆಯ ಅಣ್ಣತಮ್ಮಂದಿರು. ಅವರ ನಡುವೆ ಸಂಸ್ಕೃತಿಯ ವ್ಯತ್ಯಾಸವಿರಲಿಲ್ಲ, ನೌಕರಿಯ ಕಾಗದದ ವ್ಯತ್ಯಾಸವಿತ್ತು. ನಂಬರು ಬರೆಯುವುದನ್ನು ನಿಲ್ಲಿಸಲು ಏಳು ತಿಂಗಳು ಹಿಡಿಯಿತು. ಆಮೇಲೆ ಬೂದು ಪಟ್ಟಿಯ ಕೆಲವರು ಎಳೆಯತೊಡಗಿದರು. ಎಲ್ಲರೂ ಅಲ್ಲ. ಗುತ್ತಿಗೆ ಹಾಗೆಯೇ ಇದೆಯಲ್ಲ.

ಅಂಕಿಗಳ ಬಗ್ಗೆ ನನಗಿರುವ ಸಿಟ್ಟು ಇಲ್ಲಿಯದು. ‘ಅದು ಅವರ ಸಂಸ್ಕೃತಿ’ ಎಂದ ಕ್ಷಣಕ್ಕೆ ಕೇಳುವ ಕೆಲಸ ನಿಂತುಹೋಗುತ್ತದೆ. ಬದಲಾಯಿಸಬಹುದಾದ ಒಂದು ಪುಸ್ತಕ, ಒಂದು ಗುತ್ತಿಗೆ, ಒಂದು ಕೊರಳ ಪಟ್ಟಿ ಎಲ್ಲವೂ ಅನಾದಿಯ ಗುಣವಾಗಿ ಕಾಣತೊಡಗುತ್ತವೆ. ತಮ್ಮ ಅಂಕಗಳು ದೇಶ ದೇಶಗಳನ್ನು ಹೋಲಿಸುವುದಕ್ಕೆ, ಅವನ್ನು ಒಬ್ಬ ವ್ಯಕ್ತಿಯ ತಲೆಗೆ ಕಟ್ಟಬಾರದು ಎಂದು ಹಾಫ್‌ಸ್ಟೆಡ್ ಅವರೇ ಮತ್ತೆ ಮತ್ತೆ ಎಚ್ಚರಿಸಿದ್ದರು. ಆ ಎಚ್ಚರಿಕೆ ಪರದೆಯವರೆಗೆ ಬರಲಿಲ್ಲ. ಹಾಗೆಯೇ, ಮೌನವನ್ನು ಒಪ್ಪಿಗೆ ಎಂದು ಓದುವುದೂ ತಪ್ಪು. 62 ಸಮಾಜಗಳಲ್ಲಿ ನಡೆದ ‘ಗ್ಲೋಬ್’ ಎಂಬ ದೊಡ್ಡ ಅಧ್ಯಯನ, ಅಧಿಕಾರದ ಅಂತರ ಈಗ ಎಷ್ಟಿದೆ ಮತ್ತು ಎಷ್ಟಿರಬೇಕು ಎಂದು ಎರಡು ಬೇರೆ ಪ್ರಶ್ನೆ ಕೇಳಿತು. ಇರುವುದು ಹೆಚ್ಚು, ಇರಬೇಕಾದದ್ದು ಬಹಳ ಕಡಿಮೆ ಎಂಬ ಉತ್ತರವೇ ಎದ್ದು ಕಂಡಿತು. ಭಾರತದಿಂದಲೂ ಅದೇ ಉತ್ತರ.

ಕಳೆದ ಡಿಸೆಂಬರಿನಲ್ಲಿ ಕಾರ್ಖಾನೆಯವರು ಇಂಥದ್ದೇ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರಲು ನನಗೆ ಕೊಟ್ಟರು. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಮೇಲಧಿಕಾರಿಯ ಮಾತನ್ನು ಒಪ್ಪದಿದ್ದಾಗ ಹಾಗೆಂದು ಹೇಳಲು ಹೆದರುತ್ತೀರಾ?’ ಮೇಲಧಿಕಾರಿ ಎನ್ನಲೇ, ಸಾಹೇಬರು ಎನ್ನಲೇ, ಯಜಮಾನರು ಎನ್ನಲೇ, ದೊಡ್ಡವರು ಎನ್ನಲೇ? ಒಂದೊಂದು ಪದಕ್ಕೆ ಒಂದೊಂದು ಉತ್ತರ ಬರುತ್ತದೆ. ‘ಹೆದರಿಕೆ’ ಇನ್ನೂ ಕಷ್ಟ. ನಮ್ಮಲ್ಲಿ ಬಾಯಿ ಕಟ್ಟುವುದು ಹೆದರಿಕೆ ಒಂದೇ ಅಲ್ಲ. ಸಂಕೋಚವಿದೆ, ಮುಲಾಜಿದೆ, ಮರ್ಯಾದೆಯಿದೆ, ಭಯಭಕ್ತಿಯಿದೆ. ಎಲ್ಲಕ್ಕಿಂತ ಮಿಗಿಲಾಗಿ ದಾಕ್ಷಿಣ್ಯವಿದೆ: ಆ ಮನುಷ್ಯ ನನಗೇನೂ ಮಾಡಲಾರ, ನಾನೂ ಅವನಿಗೆ ಹೆದರುವುದಿಲ್ಲ, ಆದರೆ ಅವನ ಮುಖ ನೋಡಿ ‘ಇಲ್ಲ’ ಎನ್ನಲು ನಾಲಗೆ ಏಳುವುದಿಲ್ಲ. ದಾಕ್ಷಿಣ್ಯ ಮೇಲಿನವರಿಗೆ ಮಾತ್ರವಲ್ಲ, ಕೆಳಗಿನವರಿಗೂ, ಸರೀಕರಿಗೂ ಸಲ್ಲುತ್ತದೆ. ಅದನ್ನು ಹೆದರಿಕೆಯ ಚೌಕಕ್ಕೆ ತುರುಕಿದರೆ ಅಂಕ ಏರುತ್ತದೆ, ಅರ್ಥ ಹೋಗುತ್ತದೆ.

ಆ ಶನಿವಾರ ಊರಿಗೆ ಹೋದಾಗ ಕರಡನ್ನು ಜೊತೆಗೆ ಒಯ್ದಿದ್ದೆ. ಸೊನೆ ಅವರೆಯ ಕಾಲ. ಅಮ್ಮ ಪಡಸಾಲೆಯಲ್ಲಿ ಕುಳಿತು, ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತುಕಿ, ಬೇಳೆಯನ್ನು ತಟ್ಟೆಗೆ ಚಿಮ್ಮಿಸುತ್ತಿದ್ದರು. ಅವರು ಸಂಘದ ಖಜಾಂಚಿಯಾಗಿ ಒಂಬತ್ತು ವರ್ಷ ಬ್ಯಾಂಕಿಗೆ ಓಡಾಡಿದವರು. ಮೊದಲ ಪ್ರಶ್ನೆಯನ್ನು ಓದಿ ಹೇಳಿದೆ.

“ದೊಡ್ಡವರು ಎಂದರೆ ಯಾರು?” ಎಂದರು.

“ಯಾರಾದರೂ ಸರಿ ಅಮ್ಮ. ನಿಮಗಿಂತ ಮೇಲಿನವರು.”

ಬೆರಳು ನಿಲ್ಲಿಸದೆ ಹೇಳುತ್ತ ಹೋದರು. ಬ್ಯಾಂಕಿನ ಮ್ಯಾನೇಜರಿಗೆ ಹೆದರಿಕೆ ಏನೂ ಇಲ್ಲ, ಲೆಕ್ಕ ತಪ್ಪಿದ್ದರೆ ಮುಖಕ್ಕೇ ಹೇಳುತ್ತೇನೆ. ನಿನ್ನ ದೊಡ್ಡಪ್ಪನಿಗೆ ಹೇಳುವುದಿಲ್ಲ, ಆದರೆ ಅವರು ಹೇಳಿದ್ದನ್ನು ಮಾಡುವುದೂ ಇಲ್ಲ. ಸೊಸೈಟಿಯ ಕಾರ್ಯದರ್ಶಿ ನನಗಿಂತ ಮೇಲೋ ಕೆಳಗೋ ನನಗೇ ತಿಳಿಯದು. ನಿಮ್ಮ ಅಪ್ಪನಿಗೆ ರಾಗಿ ಹೊಲದ ವಿಷಯದಲ್ಲಿ ಹೇಳುತ್ತೇನೆ, ಟೊಮೆಟೊ ವಿಷಯದಲ್ಲಿ ಹೇಳಿ ಸಾಕಾಗಿದೆ.

‘ಯಾವಾಗಲೂ’ ಎಂಬಲ್ಲಿಂದ ‘ಎಂದೂ ಇಲ್ಲ’ ಎಂಬಲ್ಲಿಯವರೆಗೆ ಐದು ಚೌಕಗಳಿದ್ದವು. ಇದರಲ್ಲಿ ಯಾವುದಕ್ಕೆ ಗುರುತು ಹಾಕಲಿ ಎಂದು ಕಾಗದವನ್ನು ಅವರ ಮುಂದೆ ಹಿಡಿದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಕಾಗದ ಇಸಿದುಕೊಂಡರು, ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ನೋಡಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಯಾರ ಮುಂದೆ ಎಂದು ಬರೆಯಲು ಇದರಲ್ಲಿ ಜಾಗವೇ ಇಲ್ಲವಲ್ಲೇ?”